ಹುಲ್ಲಿನ ವರ್ಷ ಎಲ್ಲಿಂದ ಶುರು?

ಅಮೆರಿಕದ ಉತ್ತರದಂಚಿನ ಮಿನೆಸೋಟಾ ರಾಜ್ಯದಲ್ಲಿ ಏಪ್ರಿಲ್ ಬಂತೆಂದರೆ ಅಂಗಡಿಗಳ ಮುಂದೆ ಗೊಬ್ಬರದ ಚೀಲಗಳೂ ಹುಲ್ಲಿನ ಬೀಜದ ಪೊಟ್ಟಣಗಳೂ ಆಳೆತ್ತರಕ್ಕೆ ಏರುತ್ತವೆ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಹಿಮದಡಿಯಲ್ಲೇ ಇದ್ದ ಮನೆಯಂಗಳದ ಹುಲ್ಲುಹಾಸು ಆಗತಾನೆ ಕಣ್ಣಿಗೆ ಬಿದ್ದಿರುತ್ತದೆ. ಬಣ್ಣ ಒಣಗಿದ ಹುಲ್ಲಿನದು, ಅಲ್ಲಲ್ಲಿ ಬೋಳು, ಅಲ್ಲಲ್ಲಿ ಬೂದುಬಣ್ಣದ ಬೂಷ್ಟು. ಇದನ್ನು ಕಂಡವರಿಗೆಲ್ಲ ಅನ್ನಿಸುವುದು ಒಂದೇ: ಚಳಿ ಹುಲ್ಲನ್ನು ಹೊಡೆದುಹಾಕಿದೆ, ವಸಂತ ಅದನ್ನು ಎಬ್ಬಿಸುತ್ತಿದೆ, ಈಗಲೇ ಗೊಬ್ಬರ ಹಾಕಬೇಕು, ಬೋಳಾದಲ್ಲಿ ಬೀಜ ಚೆಲ್ಲಬೇಕು, ಮುಂದೆ ಬೇಸಿಗೆಯುದ್ದಕ್ಕೂ ನೀರು ಹಾಯಿಸಿ ಹಸಿರು ಉಳಿಸಿಕೊಳ್ಳಬೇಕು. ಹುಲ್ಲಿನ ವರ್ಷ ವಸಂತದಲ್ಲಿ ಶುರುವಾಗುತ್ತದೆ ಮತ್ತು ಹಸಿರೇ ಅದರ ಆರೋಗ್ಯದ ಅಳತೆ ಎಂಬ ಈ ಜೋಡಿ ನಂಬಿಕೆ ಅಲ್ಲಿಯ ಅಂಗಳಗಳನ್ನು ಆಳುತ್ತಿದೆ. ಎರಡೂ ತಪ್ಪು ಎಂಬುದು ನನ್ನ ವಾದ. ಎರಡನೆಯ ತಪ್ಪೇ ಮೊದಲನೆಯದನ್ನು ಸಾಕುತ್ತಿದೆ ಎಂಬುದೂ.

ತಳ್ಳಿಹಾಕುವ ಮೊದಲು ಈ ನಂಬಿಕೆಯ ಬಲವನ್ನು ಪೂರ್ತಿಯಾಗಿ ಹೇಳಬೇಕು, ಯಾಕೆಂದರೆ ಅದು ಬರೀ ಜಾಹೀರಾತಿನ ಸೃಷ್ಟಿಯಲ್ಲ. ಅದಕ್ಕೆ ಮೂರು ಆಧಾರಗಳಿವೆ. ಮೊದಲನೆಯದು ಕಣ್ಣಿನ ಸಾಕ್ಷ್ಯ. ಮೇ ತಿಂಗಳಲ್ಲಿ ಹುಲ್ಲು ವಾರಕ್ಕೆ ಎರಡು ಸಲ ಕತ್ತರಿಸುವಷ್ಟು ರಭಸದಿಂದ ಬೆಳೆಯುತ್ತದೆ. ಇಷ್ಟು ಬೆಳೆಯುವ ಗಿಡಕ್ಕೆ ಇದೇ ಊಟದ ಕಾಲವೆಂದು ಯಾರಾದರೂ ತೀರ್ಮಾನಿಸುತ್ತಾರೆ. ಎರಡನೆಯದು ಕೃಷಿಯ ಅನುಭವ. ಅದೇ ರಾಜ್ಯದ ರೈತರು ಮೆಕ್ಕೆಜೋಳವನ್ನೂ ಸೋಯಾವನ್ನೂ ಬಿತ್ತುವುದು ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ. ಹೊಲಕ್ಕೆ ಸರಿಯಾದದ್ದು ಅಂಗಳಕ್ಕೆ ಯಾಕೆ ತಪ್ಪು? ಮೂರನೆಯದು ಫಲ. ಏಪ್ರಿಲ್‌ನಲ್ಲಿ ಸಾರಜನಕ ಎರಚಿದ ಅಂಗಳ ಕೆಲವೇ ವಾರಗಳಲ್ಲಿ ಪಕ್ಕದ ಮನೆಯದಕ್ಕಿಂತ ಕಡುಹಸಿರಾಗುತ್ತದೆ; ಇದು ಭ್ರಮೆಯಲ್ಲ, ಯಾರು ಬೇಕಾದರೂ ನೋಡಬಹುದಾದ ಸತ್ಯ. ಕಣ್ಣು, ಅನುಭವ, ಫಲ ಮೂರೂ ಒಂದೇ ದಿಕ್ಕಿಗೆ ಕೈ ತೋರುವಾಗ ಜನ ಆ ದಿಕ್ಕಿಗೆ ನಡೆದರೆ ಅವರನ್ನು ದಡ್ಡರೆನ್ನಲಾಗದು.

ಅಂಗಳದ ಹುಲ್ಲಿನ ಬಗ್ಗೆ ಇಷ್ಟು ವಾದ ಬೇಕೇ ಎನ್ನುವವರು ಒಂದು ಅಂದಾಜನ್ನು ನೆನಪಿಡಬೇಕು. ನಾಸಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ ಅಮೆರಿಕದಲ್ಲಿ ಹುಲ್ಲುಹಾಸು ಆವರಿಸಿದ ನೆಲ ಸುಮಾರು 1,63,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಇಷ್ಟು ನೆಲಕ್ಕೆ ಬೀಳುವ ಗೊಬ್ಬರ, ಕಳೆನಾಶಕ, ನೀರು ಯಾವ ತಿಂಗಳಲ್ಲಿ ಯಾವ ತರ್ಕದ ಮೇಲೆ ಬೀಳುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಅಲ್ಲಿ ಮನೆ ಮಾಡಿಕೊಂಡ ಕನ್ನಡದ ಕುಟುಂಬಗಳಿಗಂತೂ ಇದು ಪ್ರತಿವರ್ಷದ ಖರ್ಚಿನ, ದುಡಿಮೆಯ, ನೆರೆಹೊರೆಯ ಮಾತಿನ ವಿಷಯ.

ಗೊಂದಲದ ಬೇರು ಇರುವುದು ಹುಲ್ಲೆಲ್ಲ ಒಂದೇ ಎಂಬ ಊಹೆಯಲ್ಲಿ. ಕನ್ನಡಿಗರಿಗೆ ಹುಲ್ಲೆಂದರೆ ಮೊದಲು ನೆನಪಾಗುವುದು ಗಣಪತಿಗೆ ಏರಿಸುವ ಗರಿಕೆ. ಬಿಸಿಲಲ್ಲಿ ತುಳಿಸಿಕೊಂಡು ಬಿದ್ದಿದ್ದು, ಮೊದಲ ಮಳೆ ಬಿದ್ದೊಡನೆ ನೆಲ ಮುಚ್ಚಿ ಹಬ್ಬುವ ಹುಲ್ಲು ಅದು. ಗರಿಕೆ, ರಾಗಿ, ಜೋಳ, ಮೆಕ್ಕೆಜೋಳ, ಕಬ್ಬು ಇವೆಲ್ಲ ಒಂದು ಗುಂಪಿನವು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮೊದಲು ನಾಲ್ಕು ಇಂಗಾಲದ ಸಂಯುಕ್ತವಾಗಿ ಹಿಡಿದು, ಎಲೆಯ ಒಳಕೋಶಗಳಿಗೆ ಒಯ್ದು, ಅಲ್ಲಿ ಅದನ್ನು ದಟ್ಟವಾಗಿ ಕೂಡಿಟ್ಟು ಸಕ್ಕರೆ ಮಾಡುವ ವ್ಯವಸ್ಥೆ ಇವಕ್ಕಿದೆ. ಅದಕ್ಕೇ ಬಿಸಿ ಏರಿದಷ್ಟೂ ಇವಕ್ಕೆ ಹುರುಪು, ಮಂಜು ಬಿದ್ದರೆ ಕಂದು. ಮಿನೆಸೋಟಾದ ಅಂಗಳದಲ್ಲಿರುವುದು ಈ ಗುಂಪಲ್ಲ. ಅಲ್ಲಿರುವ ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ, ರೈಗ್ರಾಸ್‌ಗಳು ಗೋಧಿ ಮತ್ತು ಭತ್ತದ ಪಂಗಡದವು. ಮೂರು ಇಂಗಾಲದ ನೇರ ದಾರಿಯವು. ಅವುಗಳ ಎಲೆಯಲ್ಲಿ ಇಂಗಾಲ ಹಿಡಿಯುವ ರುಬಿಸ್ಕೋ ಎಂಬ ಕಿಣ್ವ ಬಿಸಿ ಏರಿದಂತೆ ಹೆಚ್ಚು ಹೆಚ್ಚು ಸಲ ಆಮ್ಲಜನಕವನ್ನು ಹಿಡಿದುಬಿಡುತ್ತದೆ, ಆಗ ದುಡಿದದ್ದರ ಒಂದು ಪಾಲು ವ್ಯರ್ಥ. ಹೀಗಾಗಿ ಅವುಗಳ ಎಲೆ ಚೆನ್ನಾಗಿ ಬೆಳೆಯುವುದು ಗಾಳಿಯ ಉಷ್ಣತೆ 15ರಿಂದ 24 ಡಿಗ್ರಿ ಸೆಲ್ಸಿಯಸ್ ಇರುವಾಗ. ಬೇರು ಚೆನ್ನಾಗಿ ಬೆಳೆಯುವುದು ಮಣ್ಣು 10ರಿಂದ 18 ಡಿಗ್ರಿ ಇರುವಾಗ. ಬೇರಿಗೆ ಬೇಕಾದದ್ದು ಎಲೆಗೆ ಬೇಕಾದದ್ದಕ್ಕಿಂತ ತಂಪು ಎಂಬುದನ್ನು ಓದುಗರು ಗಮನಿಸಬೇಕು. ಮುಂದಿನ ವಾದವೆಲ್ಲ ಈ ವ್ಯತ್ಯಾಸದಿಂದಲೇ ಹೊರಡುತ್ತದೆ.

ಈಗ ಈ ಹುಲ್ಲನ್ನು ಮಿನಿಯಾಪೊಲಿಸ್‌ನ ಹವೆಯಲ್ಲಿ ಇಟ್ಟು ನೋಡೋಣ. ಅಲ್ಲಿಯ ಜನವರಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 9 ಡಿಗ್ರಿ, ಜುಲೈಯದು ಸುಮಾರು 23, ಆದರೆ ಜುಲೈ ಮಧ್ಯಾಹ್ನಗಳು ಮತ್ತೆ ಮತ್ತೆ 30 ದಾಟುತ್ತವೆ. ಚಳಿ ಮತ್ತು ಸೆಕೆ ಎರಡೂ ಈ ಹುಲ್ಲಿಗೆ ಕೆಲಸ ನಿಲ್ಲಿಸುವ ಕಾಲಗಳು. ಆಗಸ್ಟ್ ಕೊನೆಗೆ ರಾತ್ರಿಗಳು ತಂಪಾಗುತ್ತವೆ, ಹಗಲು ಕುಗ್ಗುತ್ತದೆ, ಮಣ್ಣಿನಲ್ಲಿ ಇನ್ನೂ ಬೇಸಿಗೆಯ ಬಿಸುಪಿರುತ್ತದೆ. ಆಗ ಈ ಹುಲ್ಲಿನ ಬುಡದಲ್ಲಿ, ಎಲೆಯೂ ಬೇರೂ ಕೂಡುವ ಗಿಣ್ಣಿನಲ್ಲಿ, ನಮ್ಮ ಭತ್ತದ ರೈತರು ತೆಂಡೆ ಎನ್ನುವ ಹೊಸ ಕವಲುಗಳು ಒಡೆಯುತ್ತವೆ. ಬ್ಲೂಗ್ರಾಸ್ ಆದರೆ ನೆಲದೊಳಗೆ ಅಡ್ಡಕಾಂಡಗಳನ್ನೂ ಚಾಚಿ ಬೋಳು ಜಾಗಕ್ಕೆ ತಾನೇ ಹಬ್ಬುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಕಳೆದಂತೆ ಎಲೆಯ ಬೆಳವಣಿಗೆ ನಿಧಾನವಾದರೂ ಬಿಸಿಲಿನಿಂದ ಸಕ್ಕರೆ ಮಾಡುವ ಕೆಲಸ ನಿಂತಿರುವುದಿಲ್ಲ. ಬೆಳೆಯಲು ಬೇಡವಾದ ಆ ಸಕ್ಕರೆ ಫ್ರಕ್ಟಾನ್ ಎಂಬ ರೂಪದಲ್ಲಿ, ಹಗೇವಿಗೆ ಜೋಳ ಇಳಿಸಿದ ಹಾಗೆ, ಬುಡದ ಗಿಣ್ಣಿಗೂ ಕಾಂಡಕ್ಕೂ ಇಳಿಯುತ್ತದೆ. ಗಿಣ್ಣಿನಲ್ಲಿ ನೀರಿನ ಪಾಲು ಕಡಿಮೆಯಾಗುತ್ತದೆ. ಕೋಶಗಳು ಹೆಪ್ಪುಗಟ್ಟುವಿಕೆಯನ್ನು ತಾಳಲು ಅಣಿಯಾಗುತ್ತವೆ. ಮುಂದಿನ ವರ್ಷದ ಹೂವಿನ ನಿರ್ಧಾರವೂ ಇದೇ ಕಾಲದ್ದು, ಯಾಕೆಂದರೆ ಚಳಿಯನ್ನು ಹಾದು ಬಂದ ತೆಂಡೆಗಳೇ ವಸಂತದಲ್ಲಿ ತೆನೆ ಹೊರುವುದು, ಮತ್ತು ತೆನೆ ಹೊತ್ತ ತೆಂಡೆ ಆಮೇಲೆ ಸಾಯುವುದು. ಅಂದರೆ ಮೇ ತಿಂಗಳಲ್ಲಿ ನಾವು ಮೆಚ್ಚುವ ದಟ್ಟಣೆಯಲ್ಲಿ ಬಹುಪಾಲು ಹಿಂದಿನ ಶರತ್ಕಾಲದಲ್ಲಿ ಹುಟ್ಟಿದ ತೆಂಡೆಗಳದು. ಏಪ್ರಿಲ್‌ನಲ್ಲಿ ಮೊದಲು ಮೂಡುವ ಹಸಿರು ಹಿಂದಿನ ಅಕ್ಟೋಬರ್‌ನಲ್ಲಿ ಕೂಡಿಟ್ಟದ್ದರ ಖರ್ಚು. ಕಣ್ಣಿನ ಸಾಕ್ಷ್ಯ ಸುಳ್ಳು ಹೇಳಲಿಲ್ಲ. ಆದರೆ ಅದು ತೋರಿಸಿದ್ದು ಫಸಲನ್ನು, ನಾವು ಅದನ್ನೇ ಬಿತ್ತನೆಯೆಂದು ಓದಿಕೊಂಡೆವು.

ಇಷ್ಟು ಒಪ್ಪಿದರೆ ಏಪ್ರಿಲ್ ಗೊಬ್ಬರದ ಫಲವನ್ನೂ ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಸಾರಜನಕ ಕೊಟ್ಟ ಅಂಗಳ ಕಡುಹಸಿರಾಗುವುದು ನಿಜ. ಎಲೆಯ ಹಸಿರಿಗೆ ಸಾರಜನಕ ಬೇಕು, ಅದು ಸಿಕ್ಕೊಡನೆ ಗಿಡ ಎಲೆ ಚಿಮ್ಮಿಸುತ್ತದೆ. ಆದರೆ ಆ ಎಲೆಗಳನ್ನು ಕಟ್ಟಲು ಬೇಕಾದ ಸಕ್ಕರೆ ಬರುವುದು ಬುಡದ ಕೂಡಿಕೆಯಿಂದ ಮತ್ತು ಬೇರಿಗೆ ಹೋಗಬೇಕಿದ್ದ ಪಾಲಿನಿಂದ. ವಸಂತದ ತಂಪು ಮಣ್ಣಿನ ಆ ಕೆಲವು ವಾರಗಳು ಹೊಸ ಬೇರು ಇಳಿಯುವ ಕಾಲ. ಅದೇ ವಾರಗಳಲ್ಲಿ ಗಿಡವನ್ನು ಎಲೆಯ ಕಡೆಗೆ ತಳ್ಳಿದರೆ ಜುಲೈ ಬಂದಾಗ ಮೇಲೆ ದೊಡ್ಡ ಎಲೆರಾಶಿ, ಕೆಳಗೆ ಗಿಡ್ಡ ಬೇರು. ದೊಡ್ಡ ಎಲೆರಾಶಿ ಹೆಚ್ಚು ನೀರು ಆವಿಯಾಗಿಸುತ್ತದೆ, ಗಿಡ್ಡ ಬೇರು ಕಡಿಮೆ ನೀರು ತರುತ್ತದೆ. ಬೇಸಿಗೆಯಲ್ಲಿ ಆ ಅಂಗಳ ಬೇಗ ಸೊರಗುತ್ತದೆ, ಮನೆಯವರು ಪೈಪು ಬಿಚ್ಚುತ್ತಾರೆ, ಸೊರಗಿದ್ದಕ್ಕೆ ಕಾರಣ ಗೊಬ್ಬರ ಸಾಲದ್ದು ಎಂದುಕೊಂಡು ಮುಂದಿನ ಏಪ್ರಿಲ್‌ನಲ್ಲಿ ಇನ್ನಷ್ಟು ಹಾಕುತ್ತಾರೆ. ಕಾರಣವನ್ನೇ ಮದ್ದೆಂದು ನಂಬುವ ಈ ಸುತ್ತು ಅಳತೆ ಬದಲಾಗದ ಹೊರತು ಬಿಡಿಸಿಕೊಳ್ಳುವಂಥದ್ದಲ್ಲ. ವಸಂತದಲ್ಲಿ ಒಂದು ಹರಳೂ ಬೀಳಬಾರದೆಂದು ನಾನು ಹೇಳುತ್ತಿಲ್ಲ. ಮರಳು ಮಣ್ಣಿನ, ಬಡಕಲಾದ ಅಂಗಳಕ್ಕೆ ಮೇ ಕೊನೆಯ ಹೊತ್ತಿಗೆ, ಮೊದಲ ರಭಸ ಇಳಿದ ಮೇಲೆ, ಹಗುರವಾಗಿ ಕೊಡುವುದರಲ್ಲಿ ಅರ್ಥವಿದೆ. ಮುಖ್ಯ ಊಟ ಮಾತ್ರ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನದು, ಚದರ ಮೀಟರಿಗೆ ಸುಮಾರು 5 ಗ್ರಾಂ ಸಾರಜನಕ.

ಬೀಜದ ವಿಷಯದಲ್ಲಿ ವಸಂತದ ವಾದ ಇನ್ನೂ ದುರ್ಬಲ. ಅದನ್ನು ಬಿಡಿಬಿಡಿಯಾಗಿ ಹೇಳುತ್ತೇನೆ.

1. ಏಪ್ರಿಲ್‌ನ ಮಣ್ಣು ತಣ್ಣಗಿರುತ್ತದೆ. ಕೆಂಟಕಿ ಬ್ಲೂಗ್ರಾಸ್ ಬೀಜಕ್ಕೆ ಹದವಾದ ಬೆಚ್ಚಗಿನ ಮಣ್ಣಿನಲ್ಲೇ ಮೊಳೆಯಲು ಎರಡರಿಂದ ನಾಲ್ಕು ವಾರ ಬೇಕು. ತಣ್ಣನೆಯ ಮಣ್ಣಿನಲ್ಲಿ ಇನ್ನೂ ತಡ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಣ್ಣು ಬೆಚ್ಚಗೆ, ಗಾಳಿ ತಂಪು. ಮೊಳಕೆಗೆ ಇದಕ್ಕಿಂತ ಅನುಕೂಲದ ಜೋಡಿ ವರ್ಷದಲ್ಲಿ ಮತ್ತೊಮ್ಮೆ ಸಿಗುವುದಿಲ್ಲ.

2. ಕ್ರಾಬ್‌ಗ್ರಾಸ್ ಎಂಬ ಕಳೆ ಮಣ್ಣು ಸುಮಾರು 13 ಡಿಗ್ರಿಗೆ ಬಂದು ಕೆಲವು ದಿನ ಹಾಗೇ ನಿಂತೊಡನೆ ಮೊಳೆಯುತ್ತದೆ. ಅದು ಗರಿಕೆಯ ಗುಂಪಿನದು, ಸೆಕೆಯಲ್ಲಿ ಹೆಚ್ಚುವಂಥದ್ದು. ವಸಂತದಲ್ಲಿ ಬಿತ್ತಿದ ಎಳೆಹುಲ್ಲು ತನ್ನ ಅತ್ಯಂತ ದುರ್ಬಲ ವಾರಗಳಲ್ಲಿ, ಆ ಕಳೆಗೆ ಅತ್ಯಂತ ಹಿತವಾದ ಕಾಲದಲ್ಲಿ, ಅದರೊಂದಿಗೆ ಸೆಣಸಬೇಕು. ಆಗಸ್ಟ್ ಕೊನೆಗೆ ಬಿತ್ತಿದರೆ ಕ್ರಾಬ್‌ಗ್ರಾಸ್ ಆಗಲೇ ಮುದಿಯಾಗಿರುತ್ತದೆ, ಮೊದಲ ಮಂಜಿಗೆ ಸಾಯುತ್ತದೆ.

3. ಈ ಕಳೆಯನ್ನು ಮೊಳೆಯುವ ಮೊದಲೇ ತಡೆಯಲು ವಸಂತದಲ್ಲಿ ಹಾಕುವ ಔಷಧಿಗಳಲ್ಲಿ ಹೆಚ್ಚಿನವು ಹುಲ್ಲಿನ ಬೀಜವನ್ನೂ ಮೊಳೆಯಗೊಡುವುದಿಲ್ಲ. ಹೀಗಿದ್ದೂ ಒಂದೇ ಶನಿವಾರ ಎರಡನ್ನೂ ಕೊಂಡು ಒಂದೇ ಅಂಗಳಕ್ಕೆ ಎರಚುವವರಿದ್ದಾರೆ. ಒಂದು ದುಡ್ಡು ಇನ್ನೊಂದು ದುಡ್ಡನ್ನು ಕೊಲ್ಲುತ್ತದೆ.

4. ಮೇ ಹೊತ್ತಿಗೆ ಮೊಳೆತ ಸಸಿಗೆ ಜುಲೈಯ ಸೆಕೆಗೆ ಮುನ್ನ ಸಿಗುವುದು ಎರಡು ತಿಂಗಳು. ಸೆಪ್ಟೆಂಬರ್‌ನಲ್ಲಿ ಮೊಳೆತ ಸಸಿಗೆ ಮುಂದಿನ ಜುಲೈಗೆ ಮುನ್ನ ಬೇರು ಬೆಳೆಯುವ ಎರಡು ಋತುಗಳು ಸಿಗುತ್ತವೆ.

ಹಾಗಾದರೆ ಮೆಕ್ಕೆಜೋಳದ ಉದಾಹರಣೆ? ಅದು ಗಟ್ಟಿಯಾಗಿ ಕಾಣುತ್ತದೆ, ಆದರೆ ಎರಡು ಕಡೆ ಸೋರುತ್ತದೆ. ಮೆಕ್ಕೆಜೋಳ ಸೆಕೆಯನ್ನು ಬಯಸುವ ಗುಂಪಿನದು. ಬೇಸಿಗೆಯೇ ಅದರ ದುಡಿಮೆಯ ಕಾಲ. ಅಲ್ಲದೆ ಅದು ಒಂದೇ ವರ್ಷದ ಬೆಳೆ. ಅಕ್ಟೋಬರ್‌ಗೆ ತೆನೆ ಕೊಟ್ಟು ಸಾಯುವ ಗಿಡಕ್ಕೆ ಚಳಿಗಾಲಕ್ಕೆಂದು ಏನನ್ನೂ ಕೂಡಿಡಬೇಕಾಗಿಲ್ಲ. ಅಂಗಳದ ಹುಲ್ಲು ಬಹುವಾರ್ಷಿಕ. ಅದರ ಕೆಲಸವೇ ಮುಂದಿನ ವರ್ಷಕ್ಕೆ ದಾಟುವುದು. ಅಮೆರಿಕದ ರೈತರಿಂದಲೇ ಕಲಿಯಬೇಕೆಂದರೆ ಸರಿಯಾದ ಗುರು ಚಳಿಗಾಲದ ಗೋಧಿ. ಈ ಹುಲ್ಲಿನ ಪಂಗಡದ್ದೇ ಆದ ಅದನ್ನು ಕಾನ್ಸಸ್‌ನಂಥ ರಾಜ್ಯಗಳಲ್ಲಿ ಬಿತ್ತುವುದು ಶರತ್ಕಾಲದಲ್ಲಿ.

ಇದಕ್ಕಿಂತ ನ್ಯಾಯವಾದ ಆಕ್ಷೇಪ ಇನ್ನೊಂದಿದೆ. ಹಿಮ ಕರಗಿದಾಗ ಅಂಗಳದ ಕಾಲುಭಾಗ ಕೆಸರಾಗಿದ್ದರೆ, ಮಕ್ಕಳು ಆಡುವ ಮನೆಯಾಗಿದ್ದರೆ, ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗುತ್ತಿದ್ದರೆ, ಆಗಸ್ಟ್‌ವರೆಗೆ ಕಾಯಿರಿ ಎನ್ನುವುದು ಪುಸ್ತಕದ ಬುದ್ಧಿಯಾದೀತು. ಇದನ್ನು ನಾನು ಒಪ್ಪುತ್ತೇನೆ. ಬೋಳು ಮಣ್ಣಿಗಿಂತ ಅರೆಬರೆ ಹುಲ್ಲು ಮೇಲು. ಅಂಥಲ್ಲಿ ಒಂದೇ ವಾರದಲ್ಲಿ ಮೊಳೆಯಬಲ್ಲ ರೈಗ್ರಾಸ್ ಚೆಲ್ಲಿ ನೆಲ ಹಿಡಿಸಬಹುದು. ಅದು ಚಳಿಯನ್ನು ಬ್ಲೂಗ್ರಾಸ್‌ನಷ್ಟು ತಾಳದು ಎಂಬುದು ಗೊತ್ತಿದ್ದರೆ ಸಾಕು. ಮುಂದಿನ ವರ್ಷ ಇದೇ ಪಾಡಾಗಬಾರದೆನ್ನುವವರಿಗೆ ನವೆಂಬರ್‌ನ ಬಿತ್ತನೆಯೆಂಬ ದಾರಿಯಿದೆ. ಮಣ್ಣು ಮೊಳಕೆಗೆ ಆಗದಷ್ಟು ತಣ್ಣಗಾದ ಮೇಲೆ, ಹಿಮ ಬೀಳುವ ಮುನ್ನ ಬೀಜ ಚೆಲ್ಲಿದರೆ, ಹೆಪ್ಪುಗಟ್ಟಿ ಕರಗುವ ಮಣ್ಣಿನ ಬಿರುಕುಗಳಲ್ಲಿ ಅದು ಇಳಿದು ಕೂತು, ಯಾರೂ ಕೆಸರಿಗೆ ಕಾಲಿಡುವ ಮೊದಲೇ ಮೊಳೆಯುತ್ತದೆ. ಅದರಲ್ಲಿ ಒಂದು ಪಾಲು ಹಾಳಾಗುವ ಅಪಾಯವಿದೆ. ಆದರೂ ವಸಂತದ ಕೆಸರಿನಲ್ಲಿ ಯಂತ್ರ ಓಡಿಸಿ ಮಣ್ಣನ್ನು ಬಿಗಿಸಿಹಾಕುವುದಕ್ಕಿಂತ ಅದು ವಾಸಿ. ಆಗಸ್ಟ್ ಕೊನೆಯ ಬಿತ್ತನೆ ಎಲ್ಲಕ್ಕಿಂತ ಮೇಲು ಎಂಬ ಮಾತು ಈ ವಿನಾಯಿತಿಗಳಿಂದ ಅಲುಗಾಡುವುದಿಲ್ಲ.

ಬೇಸಿಗೆಯ ಕಂದುಬಣ್ಣದ ಬಳಿ ಬಂದರೆ ಹಸಿರೇ ಆರೋಗ್ಯವೆಂಬ ಅಳತೆ ನೇರವಾಗಿ ಮುರಿಯುತ್ತದೆ. ಜುಲೈಯಲ್ಲಿ ಮಳೆ ತಪ್ಪಿದಾಗ ಕೆಂಟಕಿ ಬ್ಲೂಗ್ರಾಸ್ ಎಲೆಗಳನ್ನು ಒಣಗಲು ಬಿಟ್ಟು, ಬುಡದ ಗಿಣ್ಣನ್ನೂ ನೆಲದೊಳಗಿನ ಕಾಂಡವನ್ನೂ ಉಳಿಸಿಕೊಂಡು ನಿದ್ದೆಗೆ ಜಾರುತ್ತದೆ. ಒಂದು ಹಿಡಿ ಹುಲ್ಲನ್ನು ಎಳೆದು ನೋಡಿದರೆ ಸಾಕು: ಬುಡ ಬೆಳ್ಳಗೆ ಗಟ್ಟಿಯಾಗಿದ್ದರೆ ಅದು ಬದುಕಿದೆ, ಪುಡಿಯಾಗಿ ಕೈಗೆ ಬಂದರೆ ಸತ್ತಿದೆ. ನಿದ್ದೆಯಲ್ಲಿರುವ ಹುಲ್ಲಿಗೆ ಎರಡು ಮೂರು ವಾರಕ್ಕೊಮ್ಮೆ ಒಂದು ಸೆಂಟಿಮೀಟರ್‌ಗಿಂತ ತುಸು ಹೆಚ್ಚು ನೀರು ಸಿಕ್ಕರೆ ಗಿಣ್ಣು ಬದುಕುಳಿಯುತ್ತದೆ. ಅದನ್ನು ಹಸಿರಾಗಿಯೇ ಇಡಬೇಕೆಂದರೆ ಮಳೆಯೂ ಸೇರಿ ವಾರಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಬೇಕು. ಎರಡೂ ದಾರಿಗಳು ನಡೆಯುವಂಥವೇ. ನಡೆಯದಿರುವುದು ಮೂರನೆಯದು, ಮತ್ತು ಹೆಚ್ಚಿನವರು ಹಿಡಿಯುವುದು ಅದನ್ನೇ: ಕಂದಾದಾಗ ಗಾಬರಿಯಿಂದ ನೀರು ಕೊಟ್ಟು ಎಬ್ಬಿಸುವುದು, ಹಸಿರಾದೊಡನೆ ಮರೆಯುವುದು, ಮತ್ತೆ ಎಬ್ಬಿಸುವುದು. ಪ್ರತಿ ಸಲ ಏಳುವಾಗಲೂ ಹುಲ್ಲು ಕೂಡಿಟ್ಟದ್ದನ್ನು ಕರಗಿಸಿ ಎಲೆ ಕಟ್ಟುತ್ತದೆ. ಹೀಗೆ ನಾಲ್ಕಾರು ಸಲ ಆದರೆ ನಿದ್ದೆಯಿಂದ ಸಾಯದ ಹುಲ್ಲು ಎಚ್ಚರಗಳಿಂದ ಸಾಯುತ್ತದೆ. ದಿನಾ ಸಂಜೆ ಎಲೆ ನೆನೆಯುವಷ್ಟು ಚಿಮುಕಿಸುವುದು ಇದರ ತಮ್ಮ. ಮೇಲ್ಮಣ್ಣಿನಲ್ಲೇ ನೀರು ಸಿಗುವ ಬೇರು ಕೆಳಗಿಳಿಯುವುದಿಲ್ಲ, ರಾತ್ರಿಯಿಡೀ ಒದ್ದೆಯಾದ ಎಲೆಗೆ ಶಿಲೀಂಧ್ರ ಹತ್ತುತ್ತದೆ. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ವರ್ಷ ತುಂಬದ ಹೊಸ ಹುಲ್ಲನ್ನು ನಿದ್ದೆಗೆ ಬಿಡಬಾರದು, ಮತ್ತು ನಿದ್ದೆಯಲ್ಲಿರುವ ಹುಲ್ಲಿನ ಮೇಲೆ ಓಡಾಟ ಹೆಚ್ಚಾದರೆ ಗಿಣ್ಣು ಮುರಿಯುತ್ತದೆ.

ಕತ್ತರಿಸುವ ಎತ್ತರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಿಡ್ಡಗೆ ಕತ್ತರಿಸಿದರೆ ಕೆಲಸ ಉಳಿಯುತ್ತದೆ ಎಂಬುದು ಲೆಕ್ಕದ ತಪ್ಪು. ಎಲೆ ಗಿಡ್ಡವಾದಷ್ಟೂ ಬೇರೂ ಗಿಡ್ಡವಾಗುತ್ತದೆ, ಬಿಸಿಲು ನೆಲಕ್ಕೆ ಬಿದ್ದು ಕಳೆ ಮೊಳೆಯುತ್ತದೆ. ಏಳೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ಎತ್ತರ ಬಿಟ್ಟು, ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದೆ, ಕತ್ತರಿಸಿದ್ದನ್ನು ಅಲ್ಲೇ ಬಿಡುವುದು ಸರಿ. ಬಿಟ್ಟ ಚೂರುಗಳು ಕೊಳೆಯದೆ ಪದರಗಟ್ಟುತ್ತವೆ ಎಂಬ ಭಯಕ್ಕೆ ಆಧಾರವಿಲ್ಲ. ಆ ಪದರ ಕಟ್ಟುವುದು ಬೇರು ಮತ್ತು ಕಾಂಡಗಳ ನಾರು. ಎಲೆಯ ಚೂರಿನಲ್ಲಿ ಬಹುಪಾಲು ನೀರೇ, ಅದು ಬೇಗ ಕರಗಿ ಹುಲ್ಲಿಗೆ ವರ್ಷದಲ್ಲಿ ಬೇಕಾದ ಸಾರಜನಕದ ಕಾಲುಭಾಗದವರೆಗೆ ಮರಳಿಸುತ್ತದೆ. ಚೀಲಕ್ಕೆ ತುಂಬಿ ಬೀದಿಬದಿಗಿಡುವವರು ಗೊಬ್ಬರವನ್ನೇ ಬೀದಿಬದಿಗಿಡುತ್ತಿದ್ದಾರೆ.

ಇಲ್ಲಿಯವರೆಗಿನ ವಾದವನ್ನು ಒಪ್ಪಿದವರು ಇನ್ನೊಂದು ಗುಂಡಿಗೆ ಬೀಳುವುದುಂಟು. ಶರತ್ಕಾಲ ಒಳ್ಳೆಯದಾದರೆ ಎಷ್ಟು ತಡವಾದರೆ ಅಷ್ಟು ಒಳ್ಳೆಯದು, ಎಲೆ ನಿಂತ ಮೇಲೆ ನವೆಂಬರ್ ಕೊನೆಯಲ್ಲಿ ಹಾಕಿದ ಗೊಬ್ಬರವೆಲ್ಲ ಬೇರಿಗೇ ಹೋಗುತ್ತದೆ ಎಂಬ ನಂಬಿಕೆ ಬಹುಕಾಲ ಸಲಹೆಯ ರೂಪದಲ್ಲೇ ಚಲಾವಣೆಯಲ್ಲಿತ್ತು. 'ಚಳಿಗಾಲದ ಗೊಬ್ಬರ' ಎಂಬ ಹೆಸರಿನ ಚೀಲಗಳು ಇಂದಿಗೂ ಮಾರಾಟವಾಗುತ್ತವೆ. ಮೇಲುಮೇಲೆ ನೋಡಿದರೆ ಇದು ನನ್ನ ವಾದದ ತಾರ್ಕಿಕ ಮುಂದುವರಿಕೆಯಂತಿದೆ. ಆದರೆ ನನ್ನ ವಾದ ಶರತ್ಕಾಲದ ಪರವಾದದ್ದಲ್ಲ, ದುಡಿಯುತ್ತಿರುವ ಬೇರಿನ ಪರವಾದದ್ದು. ಮಿನೆಸೋಟಾ, ವಿಸ್ಕಾನ್ಸಿನ್‌ಗಳಂಥ ಕಡೆ ನವೆಂಬರ್ ಮಧ್ಯದ ಹೊತ್ತಿಗೆ ಮಣ್ಣು ಹೆಪ್ಪುಗಟ್ಟುವ ಹಂತದಲ್ಲಿರುತ್ತದೆ. ಹುಲ್ಲು ನೀರೆಳೆಯುವುದೇ ಬಹುಮಟ್ಟಿಗೆ ನಿಂತಿರುವಾಗ ಸಾರಜನಕವನ್ನು ಎಳೆಯುವುದು ಅತ್ಯಲ್ಪ. ಉಳಿದದ್ದು ನೀರಿನೊಂದಿಗೆ ಕೆಳಗಿಳಿಯುತ್ತದೆ ಅಥವಾ ವಸಂತದ ಹಿಮನೀರಿನೊಂದಿಗೆ ಹರಿದುಹೋಗುತ್ತದೆ. ಈ ಕಾರಣಕ್ಕೇ ಆ ಕಡೆಯ ವಿಶ್ವವಿದ್ಯಾಲಯಗಳ ಸಲಹೆ ಈಗ ಸೆಪ್ಟೆಂಬರ್ ಕಡೆಗೆ ಹಿಂದಕ್ಕೆ ಸರಿದಿದೆ. ತಡವಾದ ಧಾರಾಳ ಗೊಬ್ಬರಕ್ಕೆ ಇನ್ನೊಂದು ದೋಷವಿದೆ: ಮೃದುವಾದ, ಸೊಂಪಾದ ಎಲೆಯೊಂದಿಗೆ ಹಿಮದಡಿಗೆ ಹೋದ ಹುಲ್ಲಿಗೆ ಹಿಮಬೂಷ್ಟು ಬೇಗ ಹತ್ತುತ್ತದೆ.

ಹಿಮದ ಬಗ್ಗೆಯೂ ನಮ್ಮ ಊಹೆ ತಲೆಕೆಳಗು. ಹುಲ್ಲನ್ನು ಕೊಂದದ್ದು ಹಿಮ ಎನ್ನುತ್ತೇವೆ. ಆದರೆ ಸಡಿಲವಾಗಿ ಬಿದ್ದ ಹಿಮದೊಳಗೆ ಗಾಳಿ ತುಂಬಿರುವುದರಿಂದ ಮೇಲೆ ಮೈನಸ್ 25 ಇದ್ದರೂ ಕೆಳಗೆ ಗಿಣ್ಣಿನ ಮಟ್ಟದಲ್ಲಿ ಚಳಿ ಅದಕ್ಕಿಂತ ಬಹಳ ಕಡಿಮೆ. ಹಿಮವಿಲ್ಲದ ಕಡುಚಳಿ ಮತ್ತು ಒಣಗಾಳಿ ಹೆಚ್ಚು ಅಪಾಯಕಾರಿ. ಅದಕ್ಕಿಂತ ಅಪಾಯಕಾರಿ ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ನೀರು. ಆಗ ಗಿಣ್ಣು ನೀರು ಕುಡಿದು ಚಳಿ ತಾಳುವ ಗುಣ ಕಳೆದುಕೊಂಡಿರುತ್ತದೆ, ಮರುರಾತ್ರಿಯ ಮಂಜುಗಡ್ಡೆ ಅದನ್ನು ಸೀಳುತ್ತದೆ. ನೀರು ನಿಲ್ಲುವ ತಗ್ಗುಗಳಲ್ಲೇ ಹುಲ್ಲು ಸಾಯುವುದು ಅದಕ್ಕೆ. ಅದಕ್ಕೆ ಮದ್ದು ಗೊಬ್ಬರದ ಚೀಲದಲ್ಲಿಲ್ಲ, ನೆಲದ ಇಳುಕಲು ಸರಿಮಾಡುವುದರಲ್ಲಿದೆ. ಬೂದು ಹಿಮಬೂಷ್ಟು ನೋಡಲು ಭಯಂಕರವಾದರೂ ಸಾಮಾನ್ಯವಾಗಿ ಎಲೆಯನ್ನಷ್ಟೇ ತಿನ್ನುತ್ತದೆ. ಕುಂಟೆಯಿಂದ ಮೆಲ್ಲಗೆ ಎಬ್ಬಿಸಿ ಗಾಳಿಯಾಡಿಸಿದರೆ ಬುಡದಿಂದ ಹೊಸ ಎಲೆ ಬರುತ್ತದೆ. ಕಾಲುದಾರಿಯ ಅಂಚಿನಲ್ಲಿ ಪಟ್ಟಿಯಾಗಿ ಸತ್ತ ಹುಲ್ಲಿಗೆ ಕಾರಣ ಹಿಮ ಕರಗಿಸಲು ಸುರಿದ ಉಪ್ಪು. ಅಲ್ಲಿ ಪ್ರತಿ ಏಪ್ರಿಲ್ ಬ್ಲೂಗ್ರಾಸ್ ಬಿತ್ತುವುದು ಪ್ರತಿ ವರ್ಷ ಸೋಲುವ ಪಂದ್ಯ. ಉಪ್ಪು ತಾಳುವ ಫೆಸ್ಕ್ಯೂ ತಳಿಗಳು ಅಲ್ಲಿಗೆ ಸರಿ.

ಬಣ್ಣವನ್ನು ಅಳತೆ ಮಾಡಿಕೊಂಡದ್ದರ ಬೆಲೆಯನ್ನು ಅಂಗಳದಾಚೆ ತೆತ್ತದ್ದು ಕೆರೆಗಳು. ವಾಹನಗಳ ನಂಬರ್ ಫಲಕದ ಮೇಲೇ ಹತ್ತು ಸಾವಿರ ಕೆರೆಗಳ ನಾಡೆಂದು ಬರೆದುಕೊಂಡ ರಾಜ್ಯವದು. ಬೀದಿಯ ನೀರಿನೊಂದಿಗೆ ಕೆರೆ ಸೇರುವ ರಂಜಕ ಪಾಚಿಗೆ ಊಟ. ಮಿನೆಸೋಟಾ 2002ರಲ್ಲಿ ಅಂಗಳದ ಗೊಬ್ಬರದಲ್ಲಿ ರಂಜಕವನ್ನು ನಿಯಂತ್ರಿಸುವ ಶಾಸನ ಮಾಡಿತು. 2004ರಲ್ಲಿ ಅದು ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ಸುತ್ತ, 2005ರ ಜನವರಿಯಿಂದ ಇಡೀ ರಾಜ್ಯದಲ್ಲಿ ಜಾರಿಯಾಯಿತು. ಹೊಸದಾಗಿ ಹುಲ್ಲು ಬೆಳೆಸುವವರಿಗೂ ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಂಡವರಿಗೂ ವಿನಾಯಿತಿ ಇದೆ. ಹುಲ್ಲು ಹಾಳಾಗುತ್ತದೆಂಬ ಭಯಕ್ಕೆ ಕಾರಣವಿರಲಿಲ್ಲ. ಅಲ್ಲಿಯ ಹೆಚ್ಚಿನ ಮಣ್ಣಿನಲ್ಲಿ ರಂಜಕ ಮೊದಲೇ ಸಾಕಷ್ಟಿದೆ, ಬೆಳೆದು ನಿಂತ ಹುಲ್ಲಿನ ಹಸಿರಿಗೆ ಬೇಕಾದದ್ದು ಸಾರಜನಕ. ಮಣ್ಣಿನಲ್ಲಿ ಏನಿದೆಯೆಂದು ನೋಡದೆ ಚೀಲದಲ್ಲಿ ಏನಿದೆಯೋ ಅದನ್ನು ಎರಚುವ ಅಭ್ಯಾಸಕ್ಕೆ ಕಾನೂನು ಹಾಕಿದ ಸರಿಯಾದ ತಡೆ ಇದು.

ಕೊನೆಯ ಆಕ್ಷೇಪ ಬೇರು ಸಮೇತದ್ದು: ಇಷ್ಟೆಲ್ಲ ಯಾಕೆ, ಹುಲ್ಲುಹಾಸನ್ನೇ ಬಿಟ್ಟುಬಿಡಿ. ಇದರಲ್ಲಿ ನ್ಯಾಯವಿದೆ. ಯಾರೂ ಕಾಲಿಡದ ಇಳಿಜಾರಿಗೆ, ದಟ್ಟ ನೆರಳಿಗೆ ಹುಲ್ಲು ಬೇಕಾಗಿಲ್ಲ. ಮಕ್ಕಳು ಆಡುವ, ನಾಲ್ಕು ಜನ ಕೂರುವ ಜಾಗಕ್ಕೆ ತುಳಿತ ತಾಳುವ ಬೇರೆ ಸಸ್ಯವನ್ನು ನಾನು ಕಂಡಿಲ್ಲ. ಆದರೆ ಹುಲ್ಲುಹಾಸನ್ನು ಬಿಡುವುದು ಬೇರೆ, ಆರೈಕೆ ಬಿಡುವುದು ಬೇರೆ. ಬ್ರಿಟನ್ನಿನಲ್ಲಿ ಹುಟ್ಟಿ 2020ರಲ್ಲಿ ವಿಸ್ಕಾನ್ಸಿನ್‌ನ ಆಪಲ್ಟನ್ ನಗರಕ್ಕೆ ಬಂದ 'ಮೇ ತಿಂಗಳು ಕತ್ತರಿಸಬೇಡಿ' ಎಂಬ ಆಂದೋಲನದ ಉದ್ದೇಶ, ಜೇನುನೊಣಗಳಿಗೆ ಹೂ ಸಿಗಲೆಂಬುದು, ಒಳ್ಳೆಯದೇ. ಆದರೆ ಬರೀ ಬ್ಲೂಗ್ರಾಸ್ ಇರುವ ಅಂಗಳದಲ್ಲಿ ಜೇನುನೊಣಗಳಿಗೆ ಬೇಕಾದ ಹೂವೇ ಇಲ್ಲ. ತಿಂಗಳು ಬಿಟ್ಟು ಮೊಣಕಾಲೆತ್ತರದ ಹುಲ್ಲನ್ನು ಜೂನ್‌ನಲ್ಲಿ ಒಮ್ಮೆಲೇ ಬೋಳಿಸಿದರೆ ಬೇಸಿಗೆಯ ಹೊಸ್ತಿಲಲ್ಲೇ ಹುಲ್ಲಿನ ಶಕ್ತಿ ಬರಿದು. ಫೆಸ್ಕ್ಯೂ ಹುಲ್ಲಿನೊಂದಿಗೆ ಬಿಳಿ ಕ್ಲೋವರ್‌ನಂಥ ಗಿಡ್ಡ ಹೂಗಿಡಗಳನ್ನು ಬೆರೆಸಿ ಬೆಳೆಸುವುದು ಇದಕ್ಕಿಂತ ಯೋಚಿಸಿದ ಉತ್ತರ. 2019ರಲ್ಲಿ ಮಿನೆಸೋಟಾ ಇಂಥ ಅಂಗಳಗಳಿಗೆ ಧನಸಹಾಯದ ಯೋಜನೆಯನ್ನೇ ತಂದಿತು. ಕ್ಲೋವರ್ ತನ್ನ ಬೇರಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನೇ ಹಿಡಿದು ಪಕ್ಕದ ಹುಲ್ಲಿಗೂ ಒದಗಿಸುತ್ತದೆ. ಒಂದು ಕಾಲಕ್ಕೆ ಅದರ ಬೀಜವನ್ನು ಹುಲ್ಲಿನ ಬೀಜದೊಂದಿಗೆ ಬೇಕೆಂದೇ ಬೆರೆಸುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಬಂದ 2,4-ಡಿ ಕಳೆನಾಶಕ ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುವಂಥದ್ದು, ಕ್ಲೋವರನ್ನು ಮಾತ್ರ ಬಿಟ್ಟು ಉಳಿದವನ್ನು ಕೊಲ್ಲಲು ಅದಕ್ಕೆ ಬರುತ್ತಿರಲಿಲ್ಲ. ಆಮೇಲೆ ಕ್ಲೋವರ್ ಕಳೆಗಳ ಪಟ್ಟಿ ಸೇರಿತು.

ನಾನು ಹೇಳುವ ದಾರಿಗೆ ವೆಚ್ಚವೇ ಇಲ್ಲವೆಂದು ಹೇಳಲಾರೆ. ಏಪ್ರಿಲ್‌ನಲ್ಲಿ ಆ ಅಂಗಳ ಗೊಬ್ಬರ ತಿಂದ ಪಕ್ಕದ ಅಂಗಳಕ್ಕಿಂತ ತಡವಾಗಿ ಹಸಿರಾಗುತ್ತದೆ. ನೀರು ಕೊಡದೆ ನಿದ್ದೆಗೆ ಬಿಟ್ಟರೆ ಬಿರುಬೇಸಿಗೆಯ ವರ್ಷಗಳಲ್ಲಿ ವಾರಗಟ್ಟಲೆ ಕಂದಾಗಿ ನಿಲ್ಲುತ್ತದೆ, ನೆರೆಯವರು ಅದನ್ನು ಸೋಮಾರಿತನವೆಂದು ಓದಬಹುದು. ಹೊಸದಾಗಿ ಊರಿಗೆ ಬಂದು ನೆರೆಹೊರೆಯ ಒಪ್ಪಿಗೆ ಗಳಿಸಿಕೊಳ್ಳುತ್ತಿರುವ ಕುಟುಂಬಕ್ಕೆ ಈ ಓದು ಹಗುರವಾದದ್ದಲ್ಲ ಎಂಬುದು ನನಗೆ ಗೊತ್ತು. ಅಂಥವರು ಬೇಸಿಗೆಯಲ್ಲಿ ಮುಂಭಾಗಕ್ಕೆ ಮಾತ್ರ ವಾರಕ್ಕೊಮ್ಮೆ ಬೆಳಗಿನ ಜಾವ ಆಳವಾಗಿ ನೀರು ಕೊಟ್ಟು, ಹಿಂಭಾಗವನ್ನು ನಿದ್ದೆಗೆ ಬಿಟ್ಟರೆ ತಪ್ಪಿಲ್ಲ. ಏಪ್ರಿಲ್‌ನಲ್ಲಿ ಕೈಗೆ ಕೆಲಸ ಬೇಕೆನ್ನುವವರಿಗೂ ಇದೆ: ನೆಲ ಒಣಗುವ ತನಕ ಅದರ ಮೇಲೆ ನಡೆಯದಿರುವುದು, ಬೂಷ್ಟು ಹಿಡಿದು ಅಂಟಿಕೊಂಡ ಎಲೆಗಳನ್ನು ಕುಂಟೆಯಿಂದ ಬಿಡಿಸುವುದು, ಕತ್ತರಿಸುವ ಯಂತ್ರದ ಅಲಗು ಸಾಣೆ ಹಿಡಿಸುವುದು, ಒಂದು ಹಿಡಿ ಮಣ್ಣನ್ನು ಪರೀಕ್ಷೆಗೆ ಕಳಿಸುವುದು. ಬೀಜಕ್ಕೂ ಗೊಬ್ಬರಕ್ಕೂ ಎಷ್ಟು ದುಡ್ಡು ಬೇಕೆಂಬುದನ್ನು ಆ ಪರೀಕ್ಷೆಯ ಫಲ ನೋಡಿ ಆಗಸ್ಟ್‌ನಲ್ಲಿ ತೀರ್ಮಾನಿಸಿದರೆ ಸಾಕು.